ಏಳನೇ ಓಟು

ಮಲ್ಲಿಕಾಂಬಳಿಗೆ ಇದ್ದದ್ದು ಒಂದೇ ಒಂದು ಆಸೆ, ಅದೂ ಹೇಳಿದರೆ ಜನ ನಗುವಂಥದ್ದು. ಕಡೂರಿನ ಡಿಗ್ರಿ ಕಾಲೇಜಿನಲ್ಲಿ ಮೂವತ್ತೊಂದು ವರ್ಷದಿಂದ ದೈಹಿಕ ಶಿಕ್ಷಣದ ಮೇಡಂ ಆಗಿದ್ದವಳು ಅವಳು. ನಿವೃತ್ತಿಗೆ ಮುಂಚೆ ಒಂದು ಸಲ, ಒಂದೇ ಸಲ, ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿಕೊಂಡು ಅಂತರ ಕಾಲೇಜು ಪಂದ್ಯಕ್ಕೆ ಹೋಗಬೇಕು, ಗೆರೆಯ ಪಕ್ಕದಲ್ಲಿ ಮ್ಯಾನೇಜರ್ ಕುರ್ಚಿ ಹಾಕಿರುತ್ತಾರಲ್ಲ, ಅದರಲ್ಲಿ ಕೂರಬೇಕು. ಅಷ್ಟೇ. ಗೆಲ್ಲುವುದು, ಕಪ್ ತರುವುದು, ಪೇಪರಿನಲ್ಲಿ ಫೋಟೋ, ಅದೆಲ್ಲ ಸಿಕ್ಕರೆ ಸಿಗಲಿ, ಇಲ್ಲದಿದ್ದರೆ ಹಾಳಾಗಿ ಹೋಗಲಿ.

ಕಬಡ್ಡಿಗೆ ಕರೆದುಕೊಂಡು ಹೋಗಿದ್ದಳು, ಖೋ ಖೋಗೆ ಹೋಗಿದ್ದಳು, ಥ್ರೋಬಾಲಿನಲ್ಲಿ ಎರಡು ಸಲ ಕಪ್ಪನ್ನೂ ತಂದಿದ್ದಳು. ಆದರೆ ಟ್ರೈನಿಂಗ್ ಓದುವಾಗ ಅವಳಿಗೆ ಹತ್ತಿದ ಹುಚ್ಚು ಫುಟ್‌ಬಾಲಿನದು, ಫುಟ್‌ಬಾಲಿಗೋ ಹನ್ನೊಂದು ಜನ ಬೇಕು. ಈ ಹನ್ನೊಂದೇ ನೋಡಿ ಅವಳನ್ನು ಮೂವತ್ತೊಂದು ವರ್ಷ ಸತಾಯಿಸಿದ್ದು. ಒಂದು ವರ್ಷ ಎಂಟು ಜನ, ಮತ್ತೊಂದು ವರ್ಷ ಒಂಬತ್ತು. ಹತ್ತಾದ ವರ್ಷ ಇಬ್ಬರಿಗೆ ಒಟ್ಟಿಗೇ ಮದುವೆ ನಿಶ್ಚಯವಾಯಿತು. ಇನ್ನೊಂದು ವರ್ಷ ಗೋಲ್ ಕೀಪರಿನ ಅಣ್ಣ ಬೈಕಿನಲ್ಲಿ ಬಂದು, "ನಮ್ಮನೆ ಹುಡುಗಿ ಚಡ್ಡಿ ಹಾಕ್ಕಂಡು ಬಯಲಲ್ಲಿ ಕುಣಿಯೋದು ಬ್ಯಾಡ" ಎಂದು ತಂಗಿಯನ್ನು ಹಿಂದೆ ಕೂರಿಸಿಕೊಂಡು ಹೊರಟೇ ಹೋದ. ಮಲ್ಲಿಕಾಂಬ ವಿಸಿಲ್ ಕೈಯಲ್ಲಿ ಹಿಡಿದುಕೊಂಡು ಬೈಕಿನ ಧೂಳು ನೋಡುತ್ತಾ ನಿಂತಿದ್ದಳು.

ಅಂತೂ ಕೊನೆಗಾಲಕ್ಕೆ ಪ್ರಜ್ಞಾ ಬಂದಳು. ದೇವನೂರಿನ ಹುಡುಗಿ. ಕಾಲು ಕಡ್ಡಿ ಇದ್ದ ಹಾಗೆ, ಬಾಯಿ ಮಾತ್ರ ಊರಗಲ. ಹೆತ್ತವರಿಬ್ಬರೂ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಸಾಕಿದವಳು ಅಜ್ಜಿ ಹುಲಿಯಮ್ಮ. ಪ್ರಜ್ಞಾಳಿಗೆ ಅವಳೇ ಅವ್ವ, ಅವಳೇ ಅಪ್ಪ, ಅವಳನ್ನು ಬಿಟ್ಟರೆ ಲೋಕದಲ್ಲಿ ಇನ್ನೊಂದು ಜೀವ ಇರಲಿಲ್ಲ.

"ಹನ್ನೊಂದು ಜನ ತಾನೇ ಮೇಡಂ? ನಾನು ತತ್ತೀನಿ ಬಿಡ್ರಿ" ಎಂದಿದ್ದಳು ಪ್ರಜ್ಞಾ, ಸಂತೆಯಿಂದ ಹನ್ನೊಂದು ಬದನೇಕಾಯಿ ತರುವವಳ ಹಾಗೆ. ತಂದಳು ಕೂಡ! ಮನೆ ಮನೆಗೆ ಹೋಗಿ ತಾಯಂದಿರ ಕೈಕಾಲು ಹಿಡಿದು, ಅಣ್ಣಂದಿರ ಹತ್ತಿರ ಜಗಳಕ್ಕೆ ನಿಂತು, ಎರಡು ವರ್ಷದಲ್ಲಿ ತಂಡ ಕೂಡಿಸಿದಳು. ಶಿವನಿಯಿಂದ ರೈಲಿನಲ್ಲಿ ಬರುತ್ತಿದ್ದ ಸಂಗೀತಾ ಹಿಂದಿನ ಸಾಲಿಗೆ. ಪಂಚನಹಳ್ಳಿಯ ಹೇಮಶ್ರೀ ಗೋಲಿಗೆ. ಈ ಹೇಮಶ್ರೀ ತೋಟದಲ್ಲಿ ಕಾಯಿ ಕೀಳುವಾಗ ಕೆಳಗೆ ನಿಂತು ತೆಂಗಿನಕಾಯಿ ಕ್ಯಾಚ್ ಹಿಡಿಯುತ್ತಿದ್ದಳಂತೆ. ಹಾಗಂತ ಅವಳೇ ಹೇಳಿಕೊಂಡದ್ದು, ನಂಬುವವರು ನಂಬಬಹುದು. ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ ಹನ್ನೊಂದನೆಯವಳು ಸಿಕ್ಕಳು. ಮಾರ್ಚಿನಲ್ಲಿ ಕೊರೋನಾ ಬಂತು. ಏನು ಹೇಳೋಣ ಇದಕ್ಕೆ!

ರೈಲು ನಿಂತಿತು, ಬಸ್ಸು ನಿಂತಿತು, ಕಾಲೇಜಿಗೆ ಬೀಗ ಬಿತ್ತು. ಹುಡುಗಿಯರು ಅವರವರ ಊರಿನಲ್ಲೇ ಗೋಡೆಗೆ ಚೆಂಡು ಒದ್ದುಕೊಂಡು, ಮನೆಯವರಿಂದ ಬೈಸಿಕೊಂಡು ಏಳೆಂಟು ತಿಂಗಳು ದೂಡಿದರು. ನವೆಂಬರಿನಲ್ಲಿ ಕಾಲೇಜು ತೆರೆದ ವಾರದಲ್ಲೇ ವಿಶ್ವವಿದ್ಯಾಲಯದಿಂದ ಕಾಗದ ಬಂತು: ಏಳು ಕಾಲೇಜುಗಳ ಮಹಿಳಾ ಫುಟ್‌ಬಾಲ್, ತರೀಕೆರೆಯಲ್ಲಿ, ಡಿಸೆಂಬರ್ ಹದಿನಾಲ್ಕರಿಂದ ಮೂರು ದಿನ, ಎಲ್ಲ ತಂಡಗಳಿಗೂ ಒಂದೇ ಹಾಸ್ಟೆಲಿನಲ್ಲಿ ವಸತಿ. ಮಲ್ಲಿಕಾಂಬಳ ನಿವೃತ್ತಿ ಜನವರಿ ಮೂವತ್ತೊಂದಕ್ಕೆ. ಆ ಕಾಗದವನ್ನು ಅವಳು ಮೂರು ಸಲ ಓದಿದಳು, ಆಮೇಲೆ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ್ದನ್ನು ನೋಡಿ ಕೈಯೆತ್ತಿ ಮುಗಿದಳು.

ಅಭ್ಯಾಸ ಮತ್ತೆ ಶುರುವಾಯಿತು. ಮಾಸ್ಕು, ಸ್ಯಾನಿಟೈಸರು, ಓಡದೇ ಇರುವಾಗ ಆರಡಿ ದೂರ, ಒಬ್ಬರ ನೀರಿನ ಬಾಟಲಿ ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಮಲ್ಲಿಕಾಂಬ ಇದರಲ್ಲಿ ಮಹಾ ಕಟ್ಟುನಿಟ್ಟು. ಮೂಗಿನ ಕೆಳಗೆ ಮಾಸ್ಕ್ ಇಳಿಸಿದವಳು ಮೈದಾನಕ್ಕೆ ಎರಡು ಸುತ್ತು ಓಡಬೇಕು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ಶನಿವಾರದವರೆಗೆ.

ಶನಿವಾರ ಬೆಳಿಗ್ಗೆ ಹುಲಿಯಮ್ಮ ದೇವನೂರಿನಿಂದ ಬಸ್ಸು ಹತ್ತಿಕೊಂಡು ಮೈದಾನಕ್ಕೇ ಬಂದುಬಿಟ್ಟಳು. ವರ್ಷ ಎಪ್ಪತ್ತೆರಡು, ಸಕ್ಕರೆ ಕಾಯಿಲೆ, ಮೇಲೆ ದಮ್ಮು. ಜುಲೈನಲ್ಲಿ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿ, ಬದುಕಿದ್ದೇ ಹೆಚ್ಚು ಅನ್ನುವ ಹಾಗಾಗಿತ್ತು. ಅಂಗನವಾಡಿಯಲ್ಲಿ ಸಹಾಯಕಿಯಾಗಿ ಊರ ಮಕ್ಕಳ ಮೂಗೊರೆಸಿ ಮುಕ್ಕಾಲು ಆಯಸ್ಸು ಕಳೆದವಳಿಗೆ ದೂರ ನಿಲ್ಲುವುದು ಅಂದರೆ ಏನೆಂದೇ ಗೊತ್ತಿರಲಿಲ್ಲ. ಆಟ ಮುಗಿದದ್ದೇ ತಡ, ಹುಡುಗಿಯರೆಲ್ಲ "ಅಜ್ಜಿ ಅಜ್ಜಿ" ಎಂದು ಓಡಿ ಹೋಗಿ ಸಾಲಾಗಿ ನಿಂತರು. ಹುಲಿಯಮ್ಮ ಒಬ್ಬೊಬ್ಬಳ ಮಾಸ್ಕನ್ನೂ ಗದ್ದಕ್ಕೆ ಎಳೆದು, ಎರಡೂ ಕೈಯಿಂದ ಕೆನ್ನೆ ಸವರಿ, ಬೆರಳ ಗೆಣ್ಣುಗಳನ್ನು ತನ್ನ ಹಣೆಯ ಪಕ್ಕಕ್ಕೆ ಒತ್ತಿ ಲಟಲಟನೆ ನೆಟಿಕೆ ಮುರಿದಳು. ಯಾರ ಮನೆಯ ಹುಡುಗಿ, ಯಾವ ಊರು, ಯಾವ ಜನ ಎಂದು ಕೇಳಲಿಲ್ಲ. ಹನ್ನೊಂದು ಕೆನ್ನೆಗಳ ಬೆವರೂ ಆ ಎರಡು ಅಂಗೈಗಳಲ್ಲಿ ಸೇರಿ ಅವಳ ಹಣೆಗೆ ಹತ್ತಿತು.

ಮಲ್ಲಿಕಾಂಬ ಓಡಿ ಬಂದಳು. "ಹುಲಿಯಮ್ಮ, ಏನ್ರೀ ಇದು! ಇಷ್ಟು ದಿನದಿಂದ ಟಿವಿಲಿ ಬಡ್ಕೋತಾ ಇದಾರೆ. ದೂರದಿಂದಲೇ ದೃಷ್ಟಿ ತೆಗೀರಿ."

"ದೂರದಿಂದ ತೆಗೆಯಕ್ಕೆ ಅದೇನು ಮೊಬೈಲಾ ಮೇಡಮ್ಮೋರೆ? ಕೈ ತಾಗ್ಬೇಕು, ಗೆಣ್ಣು ಲಟ್ ಅನ್ಬೇಕು. ತೊಡೆ ಕಾಣ್ಸಂಗೆ ಓಡ್ತಾವೆ ಹೆಣ್ಮಕ್ಳು, ರಸ್ತೆಲಿ ಹೋಗೋ ಮುಂಡೇವ್ದೆಲ್ಲ ಕಣ್ಣು ಇಲ್ಲೇ. ದಿಷ್ಟಿ ತಾಗಿ ಕಾಲು ಮುರ್ಕಂಡ್ರೆ ಆ ನಿಮ್ ಟಿವಿಯೋನು ಬತ್ತಾನಾ?"

ಆದರೂ ಮಲ್ಲಿಕಾಂಬ ಬಿಡಲಿಲ್ಲ. ಕೂರಿಸಿಕೊಂಡು ಗಂಟೆಗಟ್ಟಲೆ ಬುದ್ಧಿ ಹೇಳಿದಳು, ಆಣೆ ಪ್ರಮಾಣ ಮಾಡಿಸಿದಳು. ಹುಲಿಯಮ್ಮ ಪ್ರಜ್ಞಾಳ ತಲೆ ಮುಟ್ಟಿ ಇನ್ನು ಮುಟ್ಟುವುದಿಲ್ಲ ಎಂದು ಆಣೆ ಇಟ್ಟಳು. ಮುಂದಿನ ಶನಿವಾರ ಬಂದವಳೇ ಮತ್ತೆ ಹನ್ನೊಂದು ಜನಕ್ಕೂ ನೆಟಿಕೆ ಮುರಿದು, ಆಮೇಲೆ ನಾಲಿಗೆ ಕಚ್ಚಿಕೊಂಡು, "ಅಯ್ಯೋ, ಮರ್ತೇ ಹೋಯ್ತು ಕಣ್ರೀ! ಕೈ ತಾನೇ ಹೋಗ್ಬಿಡ್ತು" ಎಂದಳು. ಸುಳ್ಳಲ್ಲ. ಆ ಕೈ ತಾನಾಗಿಯೇ ಹೋಗುವಂಥದ್ದು.

ಅವತ್ತು ಚೆಂಡುಗಳನ್ನು ಚೀಲಕ್ಕೆ ತುಂಬುತ್ತಾ ಪ್ರಜ್ಞಾ ಖುಷಿಯಿಂದ ಹೇಳಿದಳು: "ಮೇಡಂ, ಟೂರ್ನಮೆಂಟ್ ಮುಗ್ಸಿ ಬರೋ ದಿನ ಅವ್ವ ಕಡೂರು ಬಸ್‌ಸ್ಟ್ಯಾಂಡ್‌ಗೇ ಬತ್ತಾಳಂತೆ. ಗೆದ್ರೂ ಸೋತ್ರೂ ಹನ್ನೊಂದು ಜನಕ್ಕೂ ಅಲ್ಲೇ ನಿಲ್ಸಿ ದಿಷ್ಟಿ ತೆಗೀತಾಳಂತೆ. ನಾನು ಮನೇಲೇ ಇರು ಅಂದ್ರೆ ಕೇಳೋ ಗಿರಾಕಿನೇ ಅಲ್ಲ ಅವಳು."

ಪ್ರಜ್ಞಾ ನಗುತ್ತಿದ್ದಳು. ಮಲ್ಲಿಕಾಂಬಳಿಗೆ ನಗು ಬರಲಿಲ್ಲ. ಏಳು ಊರಿನ ಎಂಬತ್ತು ಹುಡುಗಿಯರು ಮೂರು ದಿನ ಒಂದೇ ಹಾಸ್ಟೆಲಿನಲ್ಲಿ ಮಲಗಿ, ಒಂದೇ ಕಡೆ ಉಂಡು ಬಂದ ಮೇಲೆ, ಆ ಮುದುಕಿಯ ಎರಡು ಕೈಗಳು. ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಸೋಮವಾರ ಸಂಜೆ ಏಳು ಕಾಲೇಜುಗಳ ದೈಹಿಕ ಶಿಕ್ಷಣದವರದ್ದೆಲ್ಲ ಆನ್‌ಲೈನ್ ಮೀಟಿಂಗ್. ಕೆಲವರು ಅಳುಕುತ್ತಿದ್ದಾರೆ, ಆಡಿಸುವುದೋ ಬೇಡವೋ ಎಂದು ಓಟು ಹಾಕಿ ತೀರ್ಮಾನಿಸೋಣ ಎಂದು ಸಂಚಾಲಕ ಚನ್ನಬಸಪ್ಪ ಕರೆದಿದ್ದ. ತರೀಕೆರೆ ಕಾಲೇಜಿನವನು, ಮಲ್ಲಿಕಾಂಬಳ ಜೊತೆಯಲ್ಲೇ ಟ್ರೈನಿಂಗ್ ಓದಿದವನು. ಮನೆಯೊಳಗೆ ನೆಟ್‌ವರ್ಕ್ ಸಿಗದೆ ಮಲ್ಲಿಕಾಂಬ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. ಗಂಡ ಮಲ್ಲಿಕಾರ್ಜುನಪ್ಪ ಫೋನಿಗೆ ಒರಗಲು ಒಂದು ಇಟ್ಟಿಗೆ ತಂದಿಟ್ಟು ಕೆಳಗೆ ಹೋದ.

"ಡಿಸೆಂಬರಿನಲ್ಲೇ ಆಡಿಸೋಣ ಅನ್ನೋರು ಹೇಳಿ. ಇಲ್ಲಾಂದ್ರೆ ಮಾರ್ಚಿಗೆ ಮುಂದೂಡೋದು" ಎಂದ ಚನ್ನಬಸಪ್ಪ. ಒಬ್ಬೊಬ್ಬರೇ ಹೇಳಿದರು. ಆಡಿಸೋಣ ಎಂದವರು ಮೂವರು. ಮುಂದೂಡೋಣ ಎಂದವರು ಮೂವರು. "ಇನ್ನು ನಮ್ಮ ಮಲ್ಲಿಕಾಂಬ ಮೇಡಂದು. ಅದು ಕೇಳೋದೇ ಬೇಡ ಬಿಡಿ, ಆಡಿಸಿ ಆಡಿಸಿ ಅಂತ ನನ್ನ ಫೋನು ಕಿತ್ತು ಹೋಗೋ ಹಾಗೆ ಮಾಡಿದೋರೇ ಅವರು" ಎಂದು ಚನ್ನಬಸಪ್ಪ ನಕ್ಕ. ಉಳಿದವರೂ ನಕ್ಕರು.

ಮಲ್ಲಿಕಾಂಬ ಏನೋ ಹೇಳಿದಳು.

"ಮೇಡಂ, ಮ್ಯೂಟಲ್ಲಿದೀರಿ."

ಅವಳು ಗುಂಡಿ ಒತ್ತಿದಳು. "ಮುಂದಕ್ಕೆ ಹಾಕಿ" ಎಂದಳು.

ಚನ್ನಬಸಪ್ಪ ನಿಧಾನವಾಗಿ, "ಮಲ್ಲಿಕಾಂಬ ಅವ್ರೇ, ಮಾರ್ಚಿಗೆ ನೀವಿರಲ್ಲ. ಸರ್ವಿಸಿನಲ್ಲಿ ಇಲ್ಲದವರನ್ನ ಮ್ಯಾನೇಜರ್ ಮಾಡಕ್ಕೆ ರೂಲ್ಸಿನಲ್ಲಿ ಬರಲ್ಲ. ಯೋಚನೆ ಮಾಡಿ ಹೇಳಿ, ನಾಳೆ ಬೆಳಿಗ್ಗೆವರೆಗೂ ಕಾಯ್ತೀನಿ ಬೇಕಾದ್ರೆ" ಎಂದ.

"ಯೋಚನೆ ಮಾಡಿದೀನಿ ಕಣ್ರೀ. ಬರ್ಕೊಳಿ."

ಮಲ್ಲಿಕಾರ್ಜುನಪ್ಪ ಕಾಫಿ ತೆಗೆದುಕೊಂಡು ಮೇಲೆ ಬಂದಾಗ ಅವಳು ಇಟ್ಟಿಗೆಗೆ ಒರಗಿಸಿದ ಫೋನನ್ನೇ ನೋಡುತ್ತಾ ಕೂತಿದ್ದಳು. ಮೆಟ್ಟಿಲ ಮೇಲೆ ನಿಂತಿದ್ದ ಅವನಿಗೆ ಎಲ್ಲಾ ಕೇಳಿಸಿತ್ತು. "ಮೂವತ್ತೊಂದು ವರ್ಷ ಕಾದೆಯಲ್ಲೇ" ಎಂದ, ಅಷ್ಟೇ ಅಂದದ್ದು. ಆಗ ಅವಳಿಗೆ ಅಳು ಬಂತು. ಕೋಚ್‌ಗಳು ಅಳುವುದಿಲ್ಲ ಎಂದು ಹುಡುಗಿಯರಿಗೆ ಹೇಳಿಕೊಟ್ಟವಳು, ಟ್ಯಾಂಕಿಗೆ ತಲೆಯೊರಗಿಸಿ ಚಿಕ್ಕ ಮಗುವಿನ ಹಾಗೆ ಅತ್ತಳು. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನ ಎಲ್ಲಿಂದಲೂ ಬರಲಿಲ್ಲ.

ಮಾರನೇ ದಿನ ಕಾಲೇಜಿಗೆ ಹೋಗುವಷ್ಟರಲ್ಲಿ ಸುದ್ದಿ ಹುಡುಗಿಯರಿಗೆ ಮುಟ್ಟಿಯಾಗಿತ್ತು. ಬೇರೆ ಕಾಲೇಜಿನ ಆಟಗಾರ್ತಿ ಯಾರೋ ವಾಟ್ಸಾಪಿನಲ್ಲಿ ಹಾಕಿದ್ದಳು: ನಿಮ್ಮ ಮೇಡಂ ಓಟಿನಿಂದಲೇ ಮುಂದಕ್ಕೆ ಹೋಯಿತು. ಪ್ರಜ್ಞಾ ಸ್ಪೋರ್ಟ್ಸ್ ರೂಮಿನ ಬಾಗಿಲಲ್ಲಿ ಕಾದು ನಿಂತಿದ್ದಳು.

"ನಿಜವಾ ಮೇಡಂ?"

"ನಿಜ ಕಣೇ."

"ಯಾಕೆ?"

ಏನು ಹೇಳುವುದು? ನಿನ್ನ ಅವ್ವನ ಸಲುವಾಗಿ ಎನ್ನುವುದೇ? ಇಪ್ಪತ್ತೊಂದು ವರ್ಷದ ಹುಡುಗಿಯ ತಲೆಯ ಮೇಲೆ ಅಷ್ಟು ದೊಡ್ಡ ಭಾರ ಹೊರಿಸುವುದೇ? ನಾಳೆ ಅವಳು ಮನೆಗೆ ಹೋಗಿ ಅಜ್ಜಿಯ ಮೇಲೆ ಹರಿಹಾಯ್ದರೆ, ಆ ಮುದುಕಿ ನನ್ನಿಂದ ಮಕ್ಕಳ ಆಟ ನಿಂತಿತಲ್ಲ ಎಂದು ಕೊರಗಿದರೆ? ಮಲ್ಲಿಕಾಂಬ ಬಾಯಿಗೆ ಬಂದ ಮೊದಲ ಸುಳ್ಳನ್ನು ಹೇಳಿದಳು. "ನನಗೆ ಬಿಪಿ ಕಣೇ. ಈ ಕೊರೋನಾದಲ್ಲಿ ಮೂರು ದಿನ ಹಾಸ್ಟೆಲಿನಲ್ಲಿರೋಕೆ ನನಗೇ ಭಯ."

ಪ್ರಜ್ಞಾ ಅವಳನ್ನೇ ದಿಟ್ಟಿಸಿ ನೋಡಿದಳು. "ಮಾರ್ಚಿಗೆ ನಮಗೇನೂ ತೊಂದ್ರೆ ಇಲ್ಲ ಮೇಡಂ. ಪರೀಕ್ಷೆ ಇನ್ನೂ ಮುಂದೈತೆ, ನಾವು ಆಡ್ತೀವಿ. ನಾನು ಹನ್ನೊಂದು ಜನನ್ನ ಕೂಡ್ಸಿದ್ದು ನಿಮಗೋಸ್ಕರ. ನೀವಿಲ್ದಿರೋ ಮ್ಯಾಚನ್ನ ಕಟ್ಕಂಡು ನಾನೇನು ಮಾಡ್ಲಿ?" ಎಂದವಳೇ ತಿರುಗಿ ಹೋದಳು. ಅಲ್ಲಿಂದಾಚೆಗೆ ಅಭ್ಯಾಸಕ್ಕೆ ಬಂದಳು, ಓಡಿದಳು, ಒದ್ದಳು, ಮಲ್ಲಿಕಾಂಬಳ ಜೊತೆ ಮಾತ್ರ ಒಂದಕ್ಷರ ಮಾತಾಡಲಿಲ್ಲ.

ಇನ್ನೊಂದು ಕೇಳಿ. ಡಿಸೆಂಬರಿನಲ್ಲಿ ಕಾಯಿಲೆ ಇಳಿಮುಖವಾಯಿತು. ಜನ ಮದುವೆ ಮಾಡಿದರು, ಪಂಚಾಯ್ತಿ ಎಲೆಕ್ಷನ್ ಮಾಡಿದರು, ಮಾಸ್ಕನ್ನು ಮೊಳೆಗೆ ನೇತುಹಾಕಿದರು. ಹದಿನಾಲ್ಕನೇ ತಾರೀಖು ಬಂದು ಹಾಗೇ ಹೋಯಿತು. ಆಡಿಸಿದ್ದರೆ ಏನೂ ಆಗುತ್ತಿರಲಿಲ್ಲವೇನೋ, ಆಗುತ್ತಿತ್ತೇನೋ, ಯಾರಿಗೆ ಗೊತ್ತು! ಮಲ್ಲಿಕಾಂಬಳಿಗಂತೂ ಗೊತ್ತಾಗುವ ದಾರಿಯೇ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು, "ಸುಮ್ನೆ ಹೆದರಿಕೊಂಡು ಕೆಲಸ ಕೆಡಿಸಿಕೊಂಡ್ರಲ್ಲ ಮೇಡಂ" ಎಂದರು. ಅವಳು ಹೂಂ ಎಂದಳು.

ಜನವರಿ ಮೂವತ್ತರ ಶನಿವಾರ ಬೀಳ್ಕೊಡುಗೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಪ್ರಿನ್ಸಿಪಾಲರ ಉದ್ದನೆಯ ಭಾಷಣ. ಹತ್ತು ಹುಡುಗಿಯರು ಬಂದು ಕಾಲಿಗೆ ಬಿದ್ದರು. ಮಲ್ಲಿಕಾಂಬ ಎಣಿಸಿದಳು, ಮತ್ತೆ ಎಣಿಸಿದಳು. ಹತ್ತೇ.

ಮಾರ್ಚ್ ಮೂರನೇ ವಾರದಲ್ಲಿ ಪಂದ್ಯ ನಡೆಯಿತು. ಹೋಗುವುದೋ ಬಿಡುವುದೋ ಎಂದು ಒದ್ದಾಡಿ, ಕೊನೆಗೆ ಕಾಟನ್ ಸೀರೆ ಉಟ್ಟುಕೊಂಡು, ಮಾಸ್ಕ್ ಹಾಕಿಕೊಂಡು, ಮಲ್ಲಿಕಾಂಬ ಒಬ್ಬಳೇ ತರೀಕೆರೆ ಬಸ್ಸು ಹತ್ತಿದಳು. ಮೈದಾನದ ಸುತ್ತ ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ಕಡೂರು ತಂಡದ ಪಕ್ಕ ಮ್ಯಾನೇಜರ್ ಕುರ್ಚಿ, ಅದರಲ್ಲಿ ಕಾಮರ್ಸ್ ಲೆಕ್ಚರರ್ ದುಶ್ಯಂತ್. ಪಾಪ, ಒಳ್ಳೆಯ ಹುಡುಗ. ದೈಹಿಕ ಶಿಕ್ಷಣಕ್ಕೆ ಹೊಸಬರು ಬರುವವರೆಗೂ ಅವನಿಗೆ ಚಾರ್ಜ್ ಕೊಟ್ಟಿದ್ದರು. ಚೆಂಡು ಹೊರಗೆ ಹೋದಾಗಲೆಲ್ಲ ಅದು ಯಾರಿಗೆ ಸೇರಬೇಕು ಎಂದು ಪಕ್ಕದವರನ್ನು ಕೇಳುತ್ತಿದ್ದ. ಚನ್ನಬಸಪ್ಪ ದೂರದಿಂದ ಅವಳನ್ನು ನೋಡಿ ಕೈಮುಗಿದ, ಒಳಗೆ ಬನ್ನಿ ಎಂದು ಕರೆಯಲಾಗದೆ ತಲೆತಗ್ಗಿಸಿದ. ಅವಳು ಹಗ್ಗದ ಈಚೆ ಹೊಂಗೆ ಮರದ ನೆರಳಿನಲ್ಲಿ ನಿಂತಳು.

"ಮೇಡಮ್ಮೋರೆ! ಇಲ್ಲಿ ಬರ್ರಿ, ಇಲ್ಲಿ!"

ಹುಲಿಯಮ್ಮ. ಮರದ ಬುಡದಲ್ಲಿ ಟವೆಲ್ ಹಾಸಿಕೊಂಡು ಕೂತಿದ್ದಳು. ಕೂತಲ್ಲಿಂದಲೇ ಸರಿದು ಜಾಗ ಮಾಡಿಕೊಟ್ಟಳು. ಹೋದ ವಾರ ಸರ್ಕಾರಿ ಆಸ್ಪತ್ರೆಯಲ್ಲಿ ಕೊರೋನಾ ಸೂಜಿ ಹಾಕಿಸಿಕೊಂಡದ್ದನ್ನು, ಆ ನರ್ಸಮ್ಮ ತೋಳಿಗೆ ಕೊಡಲಿ ಹಾಕಿದ ಹಾಗೆ ಹಾಕಿದ್ದನ್ನು ತೋಳು ತೋರಿಸಿಯೇ ವರ್ಣಿಸಿದಳು. ಮಲ್ಲಿಕಾಂಬ ಕೇಳಿಸಿಕೊಳ್ಳುತ್ತಾ ಆಟ ನೋಡಿದಳು. ಮೊದಲ ಅರ್ಧದಲ್ಲಿ ಕಡೂರಿಗೆ ಎರಡು ಗೋಲು ಬಿತ್ತು. ಎರಡೂ ಒಂದೇ ಥರ: ಎದುರಾಳಿಯ ಎಡಗಡೆಯ ಹುಡುಗಿ ಸಂಗೀತಾಳನ್ನು ದಾಟಿ ನುಗ್ಗಿದ್ದು, ಹೇಮಶ್ರೀಯ ಕೈಗೆ ಸಿಗದೆ ಹೋದದ್ದು.

ಹಾಫ್ ಟೈಮಿನಲ್ಲಿ ಪ್ರಜ್ಞಾ ದುಶ್ಯಂತ್‌ನ ಕುರ್ಚಿಯ ಕಡೆ ಹೋದಳು, ಅರ್ಧಕ್ಕೆ ನಿಂತಳು, ಆಮೇಲೆ ಮೈದಾನ ಅಡ್ಡ ಹಾಯ್ದು ನೇರ ಹಗ್ಗದ ಹತ್ತಿರ ಬಂದಳು. ಮೂರೂವರೆ ತಿಂಗಳಾಗಿತ್ತು ಇಬ್ಬರೂ ಮಾತಾಡಿ. ಏದುಸಿರು ಬಿಡುತ್ತಾ, ಮುಖ ಗಂಟು ಹಾಕಿಕೊಂಡೇ, "ಮೇಡಂ, ಅವರ ಆ ಎಡಗಡೆಯವಳು ತಪ್ಪಿಸ್ಕಂಡು ಹೋಗ್ತಾವ್ಳೆ. ಏನು ಮಾಡ್ಲಿ?" ಎಂದಳು.

"ಸಂಗೀತಾಗೆ ಎರಡು ಹೆಜ್ಜೆ ಹಿಂದೆ ನಿಂತ್ಕೋ ಅನ್ನು. ಮೇಲೆ ಬೀಳೋಕೆ ಹೋಗ್ಬೇಡ, ಕಾಯಿ ಅನ್ನು. ಆ ಎಡಗಡೆಯೋಳು ಬಲಗಾಲಲ್ಲಿ ಒದೆಯೋಳಲ್ಲ, ನೋಡಿದೀಯಾ? ಅವಳನ್ನ ಬಲಗಡೆಗೇ ತಿರುಗಿಸಿ. ನೀನು ಮಧ್ಯದಲ್ಲಿ ಚೆಂಡು ಇಟ್ಕೊಂಡು ಕೂರ್ಬೇಡ ಕಣೇ, ಒಂದೇ ಏಟಿಗೆ ಬಿಡು."

"ಹೂಂ" ಎಂದು ಪ್ರಜ್ಞಾ ಓಡಿದಳು. ಅಷ್ಟೇ. ಕ್ಷಮೆ ಇಲ್ಲ, ಕಣ್ಣೀರಿಲ್ಲ. ಮಲ್ಲಿಕಾಂಬಳಿಗೆ ಅಷ್ಟರಲ್ಲೇ ಹೊಟ್ಟೆ ತುಂಬಿ ಹೋಯಿತು. ಎರಡನೇ ಅರ್ಧದಲ್ಲಿ ಎಡಗಡೆಯವಳ ಆಟ ನಡೆಯಲಿಲ್ಲ. ಇನ್ನು ಹತ್ತು ನಿಮಿಷ ಇದೆ ಎನ್ನುವಾಗ ಪ್ರಜ್ಞಾ ದೂರದಿಂದಲೇ ಒದ್ದ ಚೆಂಡು ಕಂಬದ ಒಳಮೈಗೆ ಬಡಿದು ಗೋಲಾಯಿತು. ಮಲ್ಲಿಕಾಂಬ ಎದ್ದು ನಿಂತು, ವಯಸ್ಸು ಮರ್ಯಾದೆ ಎಲ್ಲ ಮರೆತು, "ಹಾಕಿದ್ಲು ನನ್ನ ಮಗಳು!" ಎಂದು ಕೂಗಿದಳು. ಕೊನೆಗೆ ಎರಡಕ್ಕೊಂದು, ಕಡೂರು ಸೋತಿತು. ಹುಡುಗಿಯರು ಗೆದ್ದವರಿಗಿಂತ ಜೋರಾಗಿ ಕುಣಿದರು.

ಹುಲಿಯಮ್ಮ ಮಾತ್ರ ಮುಖ ಊದಿಸಿಕೊಂಡಳು. ಖಾಲಿಯಾದ ಮ್ಯಾನೇಜರ್ ಕುರ್ಚಿಯ ಕಡೆ ಕೈ ತೋರಿಸಿ ಶುರು ಮಾಡಿದಳು.

"ಡಿಸೆಂಬರ್‌ನಾಗೆ ಆಡ್ಸಿದ್ರೆ ಏನಾಗ್ತಿತ್ತು ಅಂತೀನಿ? ಆ ಕುರ್ಚಿ ಮ್ಯಾಲೆ ನೀವು ಕೂತಿರ್ತಿದ್ರಿ, ನನ್ ಮಕ್ಳು ಗೆದ್ದಿರ್ತಿದ್ವು. ಯಾವನೋ ಒಬ್ಬ ಓಟು ಹಾಕಿ ಮುಂದಕ್ಕಾಕುಸ್ದನಂತಲ್ಲ. ಯಾವನೇ ಅವನು ಅಂತ ಪ್ರಜ್ಞನ್ನ ಎಷ್ಟು ಕೇಳಿದ್ರೂ ಬಾಯೇ ಬಿಡಲ್ಲ ಕಣ್ರೀ, ಗೊತ್ತಿಲ್ಲ ಕಣವ್ವ ಅಂತಾಳೆ. ನಿಮಗೆ ಗೊತ್ತಾ?"

ಹಾಗಾದರೆ ಹುಡುಗಿ ಹೇಳಿಲ್ಲ. ಮೂರೂವರೆ ತಿಂಗಳು ಮುನಿಸಿಕೊಂಡಿದ್ದವಳು, ತನ್ನ ಅವ್ವನ ಹತ್ತಿರ ಕೂಡ ಮೇಡಂ ಹೆಸರು ಎತ್ತಿಲ್ಲ. "ನನಗೂ ಗೊತ್ತಿಲ್ಲ ಹುಲಿಯಮ್ಮ" ಎಂದಳು ಮಲ್ಲಿಕಾಂಬ.

"ಸಿಕ್ಕಿದ್ರೆ ಬಿಡ್ತಿರಲಿಲ್ಲ ಆ ಹಾಳಾದೋನ್ನ! ಅವನ ಕೈ ಸೇದೋಗ, ಅವನ ನಾಲಿಗೆಗೆ ಹುಳ ಬೀಳ, ಅವನ ಮನೆ ಒಲೆ ತಣ್ಣಗಾಗ, ಮೂವತ್ತೊಂದು ವರ್ಷ ಕಾದ ಹೆಂಗ್ಸಿನ ಕುರ್ಚಿ ಕಿತ್ಕಂಡ್ನಲ್ಲ..." ಹುಲಿಯಮ್ಮ ಒಂದೇ ಉಸಿರಿನಲ್ಲಿ ಹೇಳುತ್ತಾ ಹೋದಳು. ಎಪ್ಪತ್ತೆರಡು ವರ್ಷದ ಆ ಎದೆಯಲ್ಲಿ ದಮ್ಮು ಕಟ್ಟಲಿಲ್ಲ, ಕೆಮ್ಮು ಬರಲಿಲ್ಲ, ದನಿ ಮೈದಾನದ ಆಚೆ ಅಂಚಿನವರೆಗೂ ಕೇಳುವ ಹಾಗೆ ಖಣಖಣ ಅನ್ನುತ್ತಿತ್ತು.

ಮಲ್ಲಿಕಾಂಬ ನಕ್ಕಳು, ಅತ್ತಳು, ಯಾವುದು ಎಂದು ಅವಳಿಗೇ ತಿಳಿಯಲಿಲ್ಲ. ಹುಲಿಯಮ್ಮನ ಎರಡೂ ಕೈಗಳನ್ನು ಹಿಡಿದುಕೊಂಡು, "ಬೈಯ್ರೀ ಹುಲಿಯಮ್ಮ, ಚೆನ್ನಾಗಿ ಬೈಯ್ರೀ" ಎಂದಳು. "ಇನ್ನೂ ಇಪ್ಪತ್ತು ವರ್ಷ ಹಿಂಗೇ ಬೈತಾ ಇರ್ರಿ."